ಸತ್ತ ಹುಲಿಯ ವಿಳಾಸ

ಮದರಾಸಿನ ಎಗ್ಮೋರಿನ ಸರ್ಕಾರಿ ಮ್ಯೂಸಿಯಮ್ಮನ್ನು ಊರಿನ ಜನ ಹಿಂದೆ 'ಸತ್ತ ಕಾಲೇಜು' ಎಂದೂ ಮೃಗಾಲಯವನ್ನು 'ಜೀವಂತ ಕಾಲೇಜು' ಎಂದೂ ಕರೆಯುತ್ತಿದ್ದರು. ಈ ಎರಡು ಕಾಲೇಜುಗಳೂ ಶುರುವಿನ ದಿನಗಳಲ್ಲಿ ಒಂದೇ ಅಂಗಳದಲ್ಲಿದ್ದವು. 1851ರಲ್ಲಿ ಶುರುವಾದ ಮ್ಯೂಸಿಯಮ್ಮಿನ ಮೊದಲ ಮುಖ್ಯಸ್ಥ ಎಡ್ವರ್ಡ್ ಬಾಲ್ಫೋರ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಕಲ್ಲು, ಖನಿಜ, ಒಣಗಿಸಿದ ಹಕ್ಕಿಗಳನ್ನು ನೋಡಲು ಬರುವವರಿಗಿಂತ ಬೋನಿನಲ್ಲಿ ಕಟ್ಟಿಟ್ಟ ಹುಲಿ, ಚಿರತೆಯನ್ನು ನೋಡಲು ಬರುವವರೇ ಹೆಚ್ಚೆಂದು ಆತ ಕಂಡುಕೊಂಡ. ಆರ್ಕಾಟಿನ ನವಾಬರ ಮನವೊಲಿಸಿ ಅವರಲ್ಲಿದ್ದ ಪ್ರಾಣಿಗಳನ್ನೂ ತರಿಸಿದ. 1855ರ ಹೊತ್ತಿಗೆ ಮ್ಯೂಸಿಯಮ್ಮಿನ ಆವರಣದಲ್ಲೇ ಒಂದು ಮೃಗಾಲಯ ನಿಂತಿತು. ಹತ್ತು ವರ್ಷದ ಮೇಲೆ, 1865ರಲ್ಲಿ, ಬೆಂಗಳೂರಿನ ಮ್ಯೂಸಿಯಂ ಆರಂಭವಾದಾಗ ಅದರ ಹಿಂದೆಯೂ ಇದ್ದವನು ಇದೇ ಬಾಲ್ಫೋರ್. ವನ್ಯಜೀವಿಗಳಲ್ಲಿ ಆಸಕ್ತಿಯಿರುವ ಇವತ್ತಿನ ಜನ ಈ ಎರಡು ಜಾಗಗಳಿಗೂ ಬೇರೆ ಬೇರೆ ಮನಸ್ಸಿನಿಂದ ಹೋಗುತ್ತಾರೆ. ಮ್ಯೂಸಿಯಂ ಎಂದರೆ ದೂಳು, ಗಾಜಿನ ಕಣ್ಣು, ಕರ್ಪೂರದ ವಾಸನೆ. ಜೂ ಎಂದರೆ ಮಕ್ಕಳ ಗಲಾಟೆ, ಜೊತೆಗೆ ಒಂದಿಷ್ಟು ಅಪರಾಧಿ ಭಾವ. ಸತ್ತದ್ದು, ಬದುಕಿದ್ದು ಎಂಬ ಈ ವಿಂಗಡಣೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂದು ನನ್ನ ಅನಿಸಿಕೆ. ವಿಂಗಡಿಸಲೇಬೇಕಾದರೆ ವಿಳಾಸವಿರುವ ಪ್ರಾಣಿ, ವಿಳಾಸವಿಲ್ಲದ ಪ್ರಾಣಿ ಎಂದು ವಿಂಗಡಿಸಬೇಕು. ಎಲ್ಲಿ ಸಿಕ್ಕಿತು, ಯಾವ ದಿನ, ಯಾರ ಕೈಗೆ, ಗಂಡೋ ಹೆಣ್ಣೋ ಎಂದು ಕಾಲಿಗೆ ಕಟ್ಟಿದ ಒಂದು ಚೀಟಿ ಹೇಳಿದರೆ ಆ ಪ್ರಾಣಿ ಸಾಕ್ಷಿಯಾಗುತ್ತದೆ. ಹೇಳದಿದ್ದರೆ, ಸತ್ತಿರಲಿ ಬದುಕಿರಲಿ, ಅದು ಅಲಂಕಾರದ ಸಾಮಾನು.

ಈ ಮಾತಿಗೆ ಬೇಕಾದ ಪುರಾವೆ ಮೈಸೂರಿನಲ್ಲಿ ಧಾರಾಳವಾಗಿದೆ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಅರಮನೆಯ ಮೃಗಾಲಯವನ್ನು ಸ್ಥಾಪಿಸಿದರು. ಅದರ ನಕ್ಷೆ, ತೋಟಗಾರಿಕೆಯಲ್ಲಿ ಜರ್ಮನಿಯ ಕ್ರುಂಬಿಗಲ್ ಅವರ ಕೈಯಿತ್ತು. ಎ. ಸಿ. ಹ್ಯೂಸ್ ಎಂಬ ಸೂಪರಿಂಟೆಂಡೆಂಟರು ಮೂರು ದಶಕಕ್ಕೂ ಮಿಕ್ಕಿ ಅದನ್ನು ನೋಡಿಕೊಂಡರು. 1902ರಲ್ಲಿ ಬಾಗಿಲು ಸಾರ್ವಜನಿಕರಿಗೆ ತೆರೆಯಿತು, 1909ರಲ್ಲಿ ಅದಕ್ಕೆ ಚಾಮರಾಜೇಂದ್ರರ ಹೆಸರು ಬಂತು. ಸರಿಸುಮಾರು ಅದೇ ಹೊತ್ತಿಗೆ, 1900ರ ಸುಮಾರಿಗೆ, ಅದೇ ಊರಿನಲ್ಲಿ ಯುಜೀನ್ ವ್ಯಾನ್ ಇಂಗೆನ್ ಎಂಬಾತ ಪ್ರಾಣಿಗಳ ಚರ್ಮ ಹದ ಮಾಡಿ ತುಂಬಿಸಿಕೊಡುವ ಕಾರ್ಖಾನೆ ತೆರೆದ. ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ನಡೆಯುತ್ತಿದ್ದ ಕಾಲ. ಡಚ್ ಮೂಲದ ಆತ ಗಂಡುಮಕ್ಕಳಿಗೆ ಬೋಥಾ, ಡಿ ವೆಟ್, ಜೂಬರ್ಟ್ ಎಂದು ಬೋಯರ್ ಸೇನಾನಿಗಳ ಹೆಸರಿಟ್ಟ. ಆ ಮಕ್ಕಳೇ ಮುಂದೆ 'ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್' ಹೆಸರನ್ನು ರಾಜ ಮಹಾರಾಜರ ಗೋಡೆಗೋಡೆಗೂ ತಲುಪಿಸಿದರು. ಉಪ್ಪು ಸವರಿ ಮಡಚಿದ ತೊಗಲು, ತಲೆಬುರುಡೆ ದೇಶದ ಮೂಲೆಮೂಲೆಯಿಂದ ಮೈಸೂರಿಗೆ ಬರುತ್ತಿದ್ದವು. ಕಾಗದದ ರದ್ದಿಯನ್ನು ಅಚ್ಚಿಗೆ ಒತ್ತಿ ಮಾಡಿದ ಟೊಳ್ಳು ಮೈಯ ಮೇಲೆ ಆ ತೊಗಲನ್ನು ಹೊದಿಸಿ, ಗಾಜಿನ ಕಣ್ಣು ಕೂರಿಸಿ, ನಾಲಿಗೆಗೂ ತುಟಿಗೂ ಬಣ್ಣ ಹಚ್ಚಿ ವಾಪಸು ಕಳಿಸುತ್ತಿದ್ದರು. ಉಚ್ಛ್ರಾಯದ ದಿನಗಳಲ್ಲಿ ನೂರೈವತ್ತರಷ್ಟು ಜನ ಅಲ್ಲಿ ದುಡಿಯುತ್ತಿದ್ದರು. ಕಾರ್ಖಾನೆಯ ದಾಖಲೆಗಳನ್ನು ಇಟ್ಟುಕೊಂಡು ಅದರ ಚರಿತ್ರೆ ಬರೆದ ಬ್ರಿಟನ್ನಿನ ಪ್ಯಾಟ್ ಮಾರಿಸ್ ಅವರ ಲೆಕ್ಕದಲ್ಲಿ ಹುಲಿ, ಚಿರತೆಗಳೇ 43,000ಕ್ಕೂ ಹೆಚ್ಚು. ಎರಡೇ ಪ್ರಭೇದಗಳ ಇಷ್ಟೊಂದು ತೊಗಲು ಒಂದೇ ಸೂರಿನಡಿ ಹಾದುಹೋದ ಜಾಗ ಜಗತ್ತಿನಲ್ಲಿ ಎಷ್ಟಿರಬಹುದು? ಹುಲಿಯ ಬಗ್ಗೆ ತಿಳಿಯುವುದಕ್ಕೆ ಅದಕ್ಕಿಂತ ದೊಡ್ಡ ಅವಕಾಶ ಇನ್ನೊಂದಿರಲಿಲ್ಲ. ಆದರೂ ಕಟ್ಟಿಗೆಯ ಫಲಕದ ಮೇಲೆ ಮೂತಿ ಚಾಚಿರುವ ಆ ತಲೆಗಳಿಂದ ಹುಲಿಯ ವಿಷಯ ನಮಗೆ ತಿಳಿದದ್ದು ಅತ್ಯಲ್ಪ. ಫಲಕದ ಮೇಲೆ ಬರಹವಿದ್ದರೆ ಅದು ಸಾಮಾನ್ಯವಾಗಿ ಹೊಡೆದವರ ಹೆಸರು, ತಾರೀಖು, ತುದಿಯಿಂದ ತುದಿಗೆ ಇಷ್ಟು ಅಡಿ ಇಷ್ಟು ಅಂಗುಲ ಎಂಬ ಹೆಮ್ಮೆ. ಆ ಚೀಟಿಯ ಕಥಾನಾಯಕ ಕೋವಿ ಹಿಡಿದವನೇ. ಬಾಯಿ ತೆರೆದು ಗರ್ಜಿಸುವ ಹುಲಿಯನ್ನೇ ಗಿರಾಕಿಗಳು ಬಯಸುತ್ತಿದ್ದುದಕ್ಕೂ ಇದೇ ಕಾರಣ. ಸುಮ್ಮನೆ ಕೂತಿದ್ದ ಹುಲಿಯನ್ನು ಹೊಡೆದೆ ಎಂದರೆ ಯಾರು ಮೆಚ್ಚುತ್ತಾರೆ?

ಕಾರ್ಖಾನೆಯವರನ್ನು ದೂರಲಾಗದು. ಅವರು ಕಸುಬುದಾರರು, ಕೇಳಿದ್ದನ್ನು ಮಾಡಿಕೊಟ್ಟರು, ಬಹಳ ಚೆನ್ನಾಗಿಯೇ ಮಾಡಿಕೊಟ್ಟರು. ಅವರು ವಿವರವನ್ನು ಕಾಗದಕ್ಕಿಳಿಸಿದ ಒಂದೊಂದು ಸಂದರ್ಭ ಈಗ ಚಿನ್ನದ ಬೆಲೆ ಬಾಳುತ್ತದೆ ಎಂಬುದೇ ನನ್ನ ವಾದಕ್ಕೆ ಬಲ. ಇಂದಿನ ಛತ್ತೀಸಗಡದಲ್ಲಿರುವ ಕೋರಿಯಾ ಸಂಸ್ಥಾನದ ಅರಸ ರಾಮಾನುಜ ಪ್ರತಾಪ ಸಿಂಗ್ ದೇವ್ 1947ರ ಸುಮಾರಿಗೆ ಒಂದು ರಾತ್ರಿ ವಾಹನದ ದೀಪದ ಬೆಳಕಿನಲ್ಲಿ ಮೂರು ಗಂಡು ಚೀತಾಗಳನ್ನು ಹೊಡೆದ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಆ ಸಂಗತಿ 1948ರಲ್ಲಿ ಅಚ್ಚಾಯಿತು. ಟಿಪ್ಪಣಿಯ ಕೆಳಗಿದ್ದ ಹೆಸರು ಮೈಸೂರಿನ ವ್ಯಾನ್ ಇಂಗೆನ್ ಅವರದು. ಸಂಪಾದಕರು ಈ ಬೇಟೆಯ ಬಗ್ಗೆ ತಮ್ಮ ಅಸಹ್ಯವನ್ನು ಮುಚ್ಚಿಡದೆ ಬರೆದು, ದಾಖಲೆಗೆಂದು ಅದನ್ನು ಪ್ರಕಟಿಸಿದರು. ಭಾರತದ ಕಾಡಿನಲ್ಲಿ ಚೀತಾ ಇತ್ತು ಎನ್ನುವುದಕ್ಕೆ ಕೊನೆಯ ಗಟ್ಟಿ ಪುರಾವೆಯೆಂದು ಇವತ್ತಿಗೂ ಎಲ್ಲರೂ ಎತ್ತಿ ಹೇಳುವುದು ಅದನ್ನೇ. ಸರ್ಕಾರ ಚೀತಾ ನಿರ್ನಾಮವಾಯಿತೆಂದು ಘೋಷಿಸಿದ್ದು 1952ರಲ್ಲಿ. ಸಾವಿರಾರು ತೊಗಲು ಹದ ಮಾಡಿದ ಒಂದು ಮನೆತನ ನಿಸರ್ಗದ ಚರಿತ್ರೆಯಲ್ಲಿ ಉಳಿದುಕೊಂಡದ್ದು ಮೂರು ಪುಟದ ಒಂದು ಬರಹದಿಂದ.

ಇದಕ್ಕೆ ವಿರುದ್ಧವಾದ ಇನ್ನೊಂದು ಕಥೆ ಮೀನಿನದು. ಅದೇ ಮನೆಯ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ನಮ್ಮ ಹೊಳೆಬದಿಯವರು ಬಿಳಿಮೀನು ಎನ್ನುವ, ಬೆನ್ನಲ್ಲಿ ಗೂನುಳ್ಳ ಈ ಮೀನು ಗಾಳ ಹಾಕುವ ಪ್ರಪಂಚದಲ್ಲಿ ದಂತಕಥೆ. ಹತ್ತೊಂಬತ್ತನೇ ಶತಮಾನದಿಂದಲೇ ಅದರ ಬಗ್ಗೆ ಪುಸ್ತಕಗಳು ಬಂದವು, ಮೀನು ಎತ್ತಿ ನಿಂತ ಸಾಹೇಬರ ಫೋಟೋಗಳು ಬಂದವು. ಬಾರದೆ ಉಳಿದದ್ದು ವೈಜ್ಞಾನಿಕ ಹೆಸರು ಮಾತ್ರ. ಹೋಲಿಸಿ ನೋಡಲು ಒಂದು ಮ್ಯೂಸಿಯಮ್ಮಿನಲ್ಲಾದರೂ ಊರು, ಹೊಳೆ, ತಾರೀಖಿನ ಸಮೇತ ಸರಿಯಾದ ಮಾದರಿ ಇಟ್ಟಿದ್ದರೆ ತಾನೇ? ಕೊನೆಗೆ 2018ರಲ್ಲಿ, ಮೋಯಾರ್ ಹೊಳೆಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿದ ಸಂಶೋಧಕರು ಇದು ಕೇರಳದ ಪಾಂಬಾರ್ ಹೊಳೆಯಿಂದ ಕೆಲವು ವರ್ಷಗಳ ಹಿಂದೆ ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಎಂದು ಖಚಿತಪಡಿಸಿದರು. ಹೆಸರು ಸಿಕ್ಕಿದ ವರ್ಷವೇ ಅದು ಅಳಿವಿನ ಅತ್ಯಂತ ಗಂಭೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೆಸರಿಲ್ಲದ ಕಾರಣಕ್ಕೆ ಆದ ನಷ್ಟ ಬರೀ ಪಂಡಿತರದಲ್ಲ. ಮಹಶೀರ್ ಕಡಿಮೆಯಾಗುತ್ತಿದೆಯೆಂಬ ಕಾಳಜಿಯಿಂದಲೇ ಹೊರಗಿನ ಮೊಟ್ಟೆಮನೆಯಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ಕಾವೇರಿಗೆ ಬಿಟ್ಟರು. ಬಿಟ್ಟದ್ದು ಹೆಚ್ಚಿತು, ಇದ್ದದ್ದು ಇಳಿಯಿತು. ಕಾವೇರಿಯ ಸ್ವಂತ ಮೀನು ಯಾವುದೆಂದು ಬೆರಳಿಟ್ಟು ತೋರಿಸಲು ಯಾರ ಬಳಿಯೂ ಆಧಾರವಿರಲಿಲ್ಲ.

ಇಷ್ಟು ಹೇಳಿದ ಮೇಲೆ ಚೀಟಿ ಕಟ್ಟಿದವರ ಕಡೆಗೂ ನೋಡಬೇಕು. 1880ರ ದಶಕದಲ್ಲಿ ಈಗಿನ ಮಹಾರಾಷ್ಟ್ರದ ಖಾನದೇಶದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್‌ಸನ್ ಹಕ್ಕಿಗಳನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಜಾಗ, ತಾರೀಖು ಬರೆದಿಡುತ್ತಿದ್ದ. ಅವುಗಳಲ್ಲಿ ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಕಾಡುಗೂಬೆಯೂ ಇತ್ತು. 1873ರಲ್ಲಿ ಪಕ್ಷಿತಜ್ಞ ಎ. ಒ. ಹ್ಯೂಮ್ ವಿವರಿಸಿದ ಈ ಹಕ್ಕಿಯ ಏಳೇ ಮಾದರಿಗಳು ಲೋಕದಲ್ಲಿದ್ದವು. ಕೊನೆಯದು 1884ರದು. ಆಮೇಲೆ ಹಕ್ಕಿ ಕಣ್ಮರೆ. ನಡುವೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮಾತ್ರ 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ತಾನೊಂದನ್ನು ಹೊಡೆದದ್ದಾಗಿ ಹೇಳಿಕೊಂಡಿದ್ದ. ಅದನ್ನು ನಂಬಿ ಹುಡುಕಿದವರು ಬರಿಗೈಲಿ ಮರಳಿದರು. 1990ರ ದಶಕದಲ್ಲಿ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸನ್ ಆತನ ಸಂಗ್ರಹವನ್ನು ಬಿಚ್ಚಿ ಪರೀಕ್ಷಿಸಿದಾಗ ಬಂಡವಾಳ ಬಯಲಾಯಿತು. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದ್ದ ಡೇವಿಡ್‌ಸನ್ನನ ಗೂಬೆಯನ್ನು ಕದ್ದು, ಒಳಗಿನ ಹತ್ತಿ ತೆಗೆದು ಬೇರೆ ತುಂಬಿ, ಹೊಸ ಚೀಟಿ ಕಟ್ಟಿದ್ದ ಆ ಮಹಾಶಯ. ಸುಳ್ಳು ವಿಳಾಸವನ್ನು ಕಿತ್ತೆಸೆದು ನಿಜವಾದ ಹಳೆಯ ಚೀಟಿಗಳು ಹೇಳಿದ ಕಡೆಗೆ ರಾಸ್ಮುಸನ್ ಮತ್ತು ಜೊತೆಗಾರರು ಹೊರಟರು. 1997ರ ನವೆಂಬರಿನಲ್ಲಿ ಖಾನದೇಶದ ಶಹಾದಾ ಸಮೀಪ, ಹಗಲು ಹೊತ್ತಿನಲ್ಲಿ, ಬೋಳು ಮರದ ಮೇಲೆ ಗೂಬೆ ಕೂತಿತ್ತು. 113 ವರ್ಷದ ಅಜ್ಞಾತವಾಸದಲ್ಲಿ ಒಂದು ಪಾಲು ಗೂಬೆಯದಾದರೆ ಇನ್ನೊಂದು ಪಾಲು ಒಂದು ಸುಳ್ಳು ಚೀಟಿಯದು. ಕನ್ನಡಿಗರಿಗೆ ಡೇವಿಡ್‌ಸನ್ ಅಪರಿಚಿತನೇನಲ್ಲ. ಅವನು ಮುಂದೆ ಉತ್ತರ ಕನ್ನಡದ ಕಲೆಕ್ಟರಾಗಿ ಕಾರವಾರಕ್ಕೆ ಬಂದ. ಅರಣ್ಯಾಧಿಕಾರಿ ಟಿ. ಆರ್. ಬೆಲ್, ಲೇಖಕ ಇ. ಎಚ್. ಐಟ್ಕನ್ ಜೊತೆ ಸೇರಿ ಆ ಜಿಲ್ಲೆಯ ಚಿಟ್ಟೆಗಳ ಮೇಲೆ 1890ರ ದಶಕದಲ್ಲಿ ಬರೆದ ಲೇಖನಗಳಲ್ಲಿ ಯಾವ ಕಂಬಳಿಹುಳು ಯಾವ ಗಿಡದ ಎಲೆ ತಿನ್ನುತ್ತದೆ ಎಂಬ ವಿವರದವರೆಗೆ ಬರೆದಿಟ್ಟ. ಪಶ್ಚಿಮಘಟ್ಟದ ಚಿಟ್ಟೆಗಳನ್ನು ಓದುವವರು ಈಗಲೂ ಅಲ್ಲಿಂದಲೇ ಆರಂಭಿಸುತ್ತಾರೆ.

ಇದೇ ಪದ್ಧತಿಯನ್ನು ದೇಶದ ಅಳತೆಗೆ ಹಿಗ್ಗಿಸಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಶುರು ಮಾಡಿ 1923ರವರೆಗೆ ನಡೆಸಿದ ಸಸ್ತನಿ ಸಮೀಕ್ಷೆ. ಧಾರವಾಡ, ಉತ್ತರ ಕನ್ನಡ, ಕೊಡಗಿನಲ್ಲಿ ಶಾರ್ಟ್‌ರಿಡ್ಜ್ ಎಂಬ ಸಂಗ್ರಾಹಕ ತಿರುಗಿದ. ಬೋನಿಗೆ ಬಿದ್ದದ್ದು ಹೆಚ್ಚಾಗಿ ಇಲಿ, ಅಳಿಲು, ಬಾವಲಿ, ಸೊಂಡಿಲಿ. ಗೋಡೆಗೆ ತೂಗುಹಾಕಿದರೆ ನಗೆಪಾಟಲಾಗುವ ಪ್ರಾಣಿಗಳು. ಒಂದೊಂದಕ್ಕೂ ಚೀಟಿ.

ಇಲ್ಲಿ ಒಂದು ಆಕ್ಷೇಪಣೆ ಬರಬೇಕು, ಬರಲಿ. ಚೀಟಿ ಕಟ್ಟಿದ ಮಾತ್ರಕ್ಕೆ ಕೊಲೆ ಪುಣ್ಯಕಾರ್ಯವಾಗುತ್ತದೆಯೇ? ಮಹಾರಾಜನ ಕೋವಿಗೂ ಪಂಡಿತನ ಕೋವಿಗೂ ಹಕ್ಕಿಯ ಪಾಲಿಗೆ ಏನು ವ್ಯತ್ಯಾಸ? ಹಕ್ಕಿಯ ಪಾಲಿಗೆ ಏನೂ ಇಲ್ಲ. ವ್ಯತ್ಯಾಸ ಉಳಿದ ಹಕ್ಕಿಗಳ ಪಾಲಿಗೆ, ಮುಂದಿನ ತಲೆಮಾರಿನವರ ಪಾಲಿಗೆ. ಏಳು ಗೂಬೆಗಳ ಸಾವಿನಿಂದ ಒಂದು ಪ್ರಭೇದ ಎಲ್ಲಿ ಬದುಕಿತ್ತೆಂದು ನೂರು ವರ್ಷದ ಮೇಲೆ ತಿಳಿಯಿತು, ಆ ಕಾಡಿಗೆ ರಕ್ಷಣೆ ಕೇಳುವುದಕ್ಕೆ ಆಧಾರ ಸಿಕ್ಕಿತು. ಸಾವಿರಾರು ಹುಲಿಗಳ ಸಾವಿನಿಂದ ಸಿಕ್ಕಿದ್ದು ಬೈಠಕ್‌ಖಾನೆಯ ಶೋಭೆ. ಆಕ್ಷೇಪಣೆಯ ಇನ್ನೊಂದು ಮುಖಕ್ಕೆ ಮಾತ್ರ ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಈ ಚೀಟಿಗಳಲ್ಲಿ ಸಂಗ್ರಾಹಕನೆಂದು ಇರುವುದು ಸಾಹೇಬನ ಹೆಸರು. ಗೂಡು ತೋರಿಸಿದವರು, ಹೆಜ್ಜೆ ಹಿಡಿದು ಮುಂದೆ ನಡೆದವರು, ರಾತ್ರಿ ಕೂತು ಚರ್ಮ ಸುಲಿದವರು ಚೀಟಿಯ ಮೇಲೆ ಇಲ್ಲ. ಮಾದರಿಗಳೂ ಬಹುಪಾಲು ಲಂಡನ್ನಿಗೆ ಹೋದವು. ಉತ್ತರ ಕನ್ನಡದ ಪತಂಗವನ್ನು ಕಣ್ಣಾರೆ ಕಂಡು ಹೋಲಿಸಬೇಕಾದರೆ ಶಿರಸಿಯ ವಿದ್ಯಾರ್ಥಿ ವೀಸಾ ಪಡೆಯಬೇಕು. ಈ ಅನ್ಯಾಯವನ್ನು ಒಪ್ಪಿಕೊಂಡೂ ಹೇಳಬಹುದಾದದ್ದು ಇಷ್ಟು: ಅಲ್ಲಿ ದೂರುವುದಕ್ಕಾದರೂ ಒಂದು ಅರ್ಧ ತುಂಬಿದ ಚೀಟಿ ಇದೆ. ಖಾಲಿ ಫಲಕದ ಎದುರು ಯಾರನ್ನು ಏನೆಂದು ಕೇಳುವುದು?

ಎರಡನೆಯ ಆಕ್ಷೇಪಣೆ ಹೊಸ ಕಾಲದ್ದು. ಈಗ ಕ್ಯಾಮೆರಾ ಟ್ರ್ಯಾಪ್ ಇದೆ, ಲದ್ದಿಯಿಂದಲೇ ಡಿಎನ್‌ಎ ತೆಗೆಯುತ್ತಾರೆ, ಹಳೆಯ ಚರ್ಮಗಳ ಹಂಗೇಕೆ ಎಂಬುದು. ಇದು ತಿರುಗುಮುರುಗಾದ ವಾದ. ಹೊಸ ವಿದ್ಯೆ ಬಂದಷ್ಟೂ ಹಳೆಯ ಚರ್ಮದ ಬೆಲೆ ಏರಿದೆ. 1960ರ ದಶಕದಲ್ಲಿ ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಡೇಗೆಯ ಮೊಟ್ಟೆಗಳು ಗೂಡಿನಲ್ಲೇ ಒಡೆಯುವುದೇಕೆಂದು ಯೋಚಿಸಿ, ಸಂಗ್ರಹಗಳಲ್ಲಿದ್ದ ತಾರೀಖು ಸಹಿತದ ಮೊಟ್ಟೆಚಿಪ್ಪುಗಳನ್ನು ತೂಗಿ ನೋಡಿದ. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿತ್ತು. ಡಿಡಿಟಿ ಬಳಕೆಗೆ ಬಂದ ಕಾಲವೂ ಅದೇ. ಆ ಮೊಟ್ಟೆಗಳನ್ನು ಕದ್ದು ಕೂಡಿಟ್ಟ ಹವ್ಯಾಸಿಗಳಿಗೆ ಕೀಟನಾಶಕದ ಕನಸೂ ಬಿದ್ದಿರಲಾರದು. ನಮ್ಮ ಹತ್ತಿರದ ಉದಾಹರಣೆಯೆಂದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್, ಸಾಮ್ರಾಟ್ ಮೊಂಡಲ್ ಮತ್ತು ಕಾರ್ಡಿಫ್‌ನ ಮೈಕೆಲ್ ಬ್ರೂಫೋರ್ಡ್ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಬ್ರಿಟಿಷರ ಕಾಲದಲ್ಲಿ ಬೇಟೆಯಾಗಿ ಬ್ರಿಟನ್ನಿನ ಮ್ಯೂಸಿಯಮ್ಮುಗಳನ್ನು ಸೇರಿದ್ದ ಹುಲಿಗಳ ಡಿಎನ್‌ಎಯನ್ನು ಈಗಿನ ಹುಲಿಗಳದರೊಂದಿಗೆ ಅವರು ಹೋಲಿಸಿದರು. ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಆಗ ಇದ್ದ ಬಗೆಗಳಲ್ಲಿ ಶೇಕಡ 93ರಷ್ಟು ಈಗಿನ ಹುಲಿಗಳಲ್ಲಿ ಕಾಣಲಿಲ್ಲ. ಹುಲಿ ಎಣಿಕೆ ಏರಿತೆಂದು ಪ್ರತಿ ಗಣತಿಯಲ್ಲಿ ಸಂಭ್ರಮಿಸುವ ನಮಗೆ, ಏನು ಹೋಯಿತು ಎಂದು ಹೇಳಬಲ್ಲವು ಆ ಸತ್ತ ಹುಲಿಗಳೇ. ಅವಕ್ಕೂ ವಿಳಾಸವಿದ್ದುದರಿಂದ ಹೇಳಿದವು. ಮೈಸೂರಿನಲ್ಲಿ ಹದಗೊಂಡು ಊರೂರು ಸೇರಿದ 43,000 ಚರ್ಮಗಳು ಎಲ್ಲಿಯವೆಂದು ತಿಳಿದಿದ್ದರೆ ನಮ್ಮ ಹುಲಿ, ಚಿರತೆಗಳ ವಂಶದ ಕಥೆ ಇನ್ನೆಷ್ಟು ವಿವರವಾಗಿ ಇರುತ್ತಿತ್ತೋ.

ಬದುಕಿರುವ ಪ್ರಾಣಿಗೂ ಈ ಮಾತು ಅನ್ವಯಿಸುತ್ತದೆಯೇ ಎಂದರೆ, ಅಲ್ಲಿಯೇ ಹೆಚ್ಚು. ಕ್ವಾಗಾ ಎಂಬ ದಕ್ಷಿಣ ಆಫ್ರಿಕದ ಅರೆಪಟ್ಟೆಯ ಜೀಬ್ರಾದ ಕೊನೆಯ ಪ್ರಾಣಿ 1883ರ ಆಗಸ್ಟಿನಲ್ಲಿ ಆಮ್‌ಸ್ಟರ್‌ಡಾಂ ಮೃಗಾಲಯದಲ್ಲಿ ಸತ್ತಿತು. ಅದೇ ಕೊನೆಯದೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಭಾರತದಲ್ಲಿ ಇದಕ್ಕಿಂತ ಕಹಿಯಾದ ಪಾಠ ಸಿಂಹಗಳದು. ಚಂಡೀಗಡದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಸರ್ಕಸ್ಸಿನಿಂದ ಬಂದ ಆಫ್ರಿಕದ ಸಿಂಹಗಳನ್ನೂ ಗಿರ್ ಮೂಲದ ಸಿಂಹಗಳನ್ನೂ ಕೂಡಿಸಿ ಮರಿ ಮಾಡಿಸಿದರು. ಮರಿಗಳೂ ಬೆರಕೆ ರಕ್ತವೂ ಬೇರೆ ಮೃಗಾಲಯಗಳಿಗೆ ಹಬ್ಬಿದವು. ನೋಡಲು ಗಂಭೀರವಾದ ಸಿಂಹಗಳೇ. ಆದರೆ ಏಷ್ಯಾದ ಸಿಂಹವನ್ನು ಉಳಿಸುವ ಕೆಲಸಕ್ಕೆ ಅವು ಬಾರವು. ಕೊನೆಗೆ ಅವುಗಳ ಸಂತಾನ ನಿಲ್ಲಿಸಿ, ಇದ್ದವು ಮುದಿಯಾಗಿ ಸಾಯುವವರೆಗೆ ಸಾಕಬೇಕಾಯಿತು. ನಮ್ಮವರೇ ಎಡವಿದರೆಂದೇನಲ್ಲ. ಅಮೆರಿಕದ ಮೃಗಾಲಯಗಳು ಏಷ್ಯಾದ ಸಿಂಹವೆಂದು ಜತನದಿಂದ ಬೆಳೆಸುತ್ತಿದ್ದ ವಂಶದ ಐದು ಮೂಲ ಪ್ರಾಣಿಗಳಲ್ಲಿ ಎರಡು ಅಪ್ಪಟ ಏಷ್ಯಾದವಲ್ಲ ಎಂದು 1987ರಲ್ಲಿ ಸ್ಟೀಫನ್ ಓಬ್ರಿಯನ್ ಮತ್ತು ಸಂಗಡಿಗರು ತೋರಿಸಿದರು. ಮೃಗಾಲಯಗಳನ್ನು ಹದ್ದುಬಸ್ತಿಗೆ ತರಲು 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ಸ್ಟಡ್ ಬುಕ್ ಎಂಬ ವಂಶಾವಳಿ ಪುಸ್ತಕಕ್ಕೆ ಮಹತ್ವ ಬಂತು. ತಂದೆ ಯಾವುದು, ತಾಯಿ ಯಾವುದು, ಯಾವ ಕಾಡಿನಿಂದ ಬಂದ ರಕ್ತ ಎಂಬ ಆ ದಾಖಲೆ ಜೀವಂತ ಪ್ರಾಣಿಯ ಕಾಲಿಗೆ ಕಟ್ಟಿದ ಚೀಟಿಯೇ ಸರಿ.

ಜನ ಮೈಸೂರು ಜೂಗೆ ಬರುವುದು ವಂಶಾವಳಿ ಓದಲಿಕ್ಕಲ್ಲ, ಆನೆ ನೋಡಲಿಕ್ಕೆ. ಪ್ರಾಣಿಯ ಮೇಲೆ ಪ್ರೀತಿ ಹುಟ್ಟುವುದು ನೋಟದಿಂದ ಎನ್ನುವವರಿದ್ದಾರೆ. ನಿಜ. ದಸರೆಯ ಜನಜಂಗುಳಿಯಲ್ಲಿ ಹೆಗಲೇರಿ ಜಿರಾಫೆ ನೋಡುವ ಮಗುವಿಗೆ ಅಂಕಿಅಂಶ ಬೇಕಿಲ್ಲ. ಆದರೆ ಅದೇ ನೋಟವನ್ನು ಬಾಲ್ಫೋರ್ 1855ರಲ್ಲೇ ಒದಗಿಸಿದ್ದ, ಆಮೇಲಿನ ನೂರು ವರ್ಷ ಹುಲಿಗಳ ಸಂಖ್ಯೆ ಕುಸಿಯುತ್ತಲೇ ಹೋಯಿತು. ನೋಟ ಪ್ರೀತಿಯನ್ನೂ ಹುಟ್ಟಿಸಬಹುದು, ತೊಗಲಿನ ಆಸೆಯನ್ನೂ ಹುಟ್ಟಿಸಬಹುದು. ಒಂದೇ ಅರಮನೆಯ ನೆರಳಿನಲ್ಲಿ ಮೃಗಾಲಯವೂ ಚರ್ಮದ ಕಾರ್ಖಾನೆಯೂ ಹಾಯಾಗಿ ಬೆಳೆದದ್ದನ್ನು ನೋಡಿದರೆ ಎರಡಕ್ಕೂ ಜಗಳವಿತ್ತೆಂದು ಯಾರಿಗೂ ಅನ್ನಿಸಿರಲಿಲ್ಲ ಎಂದೇ ತೋರುತ್ತದೆ. ಸಂರಕ್ಷಣೆಗಾಗಿ ಪ್ರಾಣಿಗಳನ್ನು ಕೂಡಿಟ್ಟಿದ್ದೇವೆ ಎಂದು ಈಗಿನ ಮೃಗಾಲಯಗಳು ಹೇಳುತ್ತವೆ. ಹಾಗಾದರೆ ಅವುಗಳನ್ನು ಅಳೆಯಬೇಕಾದದ್ದು ಟಿಕೆಟ್ಟಿನ ಲೆಕ್ಕದಿಂದಲ್ಲ, ಆ ವಂಶಾವಳಿ ಪುಸ್ತಕದಿಂದ. ಆಸಕ್ತಿಯುಳ್ಳವರು ಬೋನಿನ ಮುಂದಿನ ಫಲಕ ಓದುವಾಗ 'ಆಹಾರ: ಮಾಂಸ, ಆಯಸ್ಸು: ಇಷ್ಟು ವರ್ಷ' ಎಂಬಲ್ಲಿಗೆ ನಿಲ್ಲದೆ, ಈ ಪ್ರಾಣಿ ಎಲ್ಲಿಯದು, ಹುಟ್ಟಿದ್ದು ಇಲ್ಲೋ ಕಾಡಿನಲ್ಲೋ ಎಂದು ಕೇಳಬಹುದು. ಮೈಸೂರು ಮೃಗಾಲಯ ಪ್ರಾಣಿಗಳನ್ನು ದತ್ತು ಕೊಡುವ ಯೋಜನೆ ನಡೆಸುತ್ತದೆ, ದಾನಿಗಳ ಹೆಸರನ್ನು ಪ್ರಕಟಿಸುತ್ತದೆ. ದಾನಿಯ ಹೆಸರಿನ ಪಕ್ಕದಲ್ಲಿ ಪ್ರಾಣಿಯ ತಂದೆತಾಯಿಯ ಊರಿಗೂ ಒಂದು ಸಾಲು ಸಿಕ್ಕರೆ ತಪ್ಪೇನು?

ವ್ಯಾನ್ ಇಂಗೆನ್ ಕಾರ್ಖಾನೆಯ ವ್ಯಾಪಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಳುವಾಯಿತು, 1999ರಲ್ಲಿ ಅದು ಮುಚ್ಚಿತು. ಅಣ್ಣತಮ್ಮಂದಿರಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ ನೂರು ದಾಟಿ 2013ರಲ್ಲಿ ತೀರಿಕೊಂಡರು. ಕಾರ್ಖಾನೆ ಮುಚ್ಚುವ ಮೊದಲೇ, 1995ರಲ್ಲಿ, ಅದೇ ಊರಿನ ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ನಿಸರ್ಗ ಇತಿಹಾಸ ಸಂಗ್ರಹಾಲಯ ಬಂದಿತ್ತು. ಆದರೆ ಸಂಗ್ರಹಾಲಯವೂ ಶಾಶ್ವತವಲ್ಲ: ಅದರ ಹಿರಿಯಕ್ಕನಾದ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಬೆಂಕಿಗೆ ಆಹುತಿಯಾಯಿತು. ಇನ್ನು ಮನೆಗಳಲ್ಲಿ ಉಳಿದಿರುವ ತಲೆ, ಚರ್ಮ, ಉಗುರುಗಳ ಸಂಗತಿ. 2023ರ ಕೊನೆಯಲ್ಲಿ ಹುಲಿಯುಗುರಿನ ಪದಕಗಳ ಮೇಲೆ ಗದ್ದಲವೆದ್ದು, 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಪ್ರಮಾಣಪತ್ರವಿಲ್ಲದ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. ಒಪ್ಪಿಸಿದ್ದನ್ನು ಸುಟ್ಟುಬಿಡಬೇಕೆಂಬ ವಾದಕ್ಕೆ ತೂಕವಿದೆ, ಮಾರುಕಟ್ಟೆಗೆ ಹೋಗಬಾರದಲ್ಲ. ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಬೋಕಾಖಾಟ್‌ನಲ್ಲಿ 2,479 ಘೇಂಡಾಮೃಗದ ಕೊಂಬುಗಳನ್ನು ಸುಟ್ಟಿತು. ಆದರೆ ಸುಡುವ ಮುನ್ನ ಅಳತೆ, ತೂಕ ಬರೆದುಕೊಂಡು, ಡಿಎನ್‌ಎ ಪರೀಕ್ಷೆಗೆ ಚೂರುಗಳನ್ನು ತೆಗೆದಿಟ್ಟರು. ಕರ್ನಾಟಕದ ಅಟ್ಟಗಳಿಂದ ಇಳಿಯುವ ಹುಲಿ ತಲೆಗಳ ವಿಷಯದಲ್ಲೂ ಅಷ್ಟನ್ನು ಮಾಡಬಹುದು. ಒಂದು ಹಲ್ಲಿನ ಚೂರು, ಹಿಂಬದಿಯ ಫಲಕದ ಒಂದು ಫೋಟೋ, ಒಪ್ಪಿಸಲು ಬಂದವರನ್ನು ಕೂರಿಸಿ ನಿಮ್ಮ ತಾತ ಇದನ್ನು ಎಲ್ಲಿ ಹೊಡೆದದ್ದು, ಕಾಕನಕೋಟೆಯೋ, ಭದ್ರಾವತಿಯ ಕಡೆಯೋ, ಜೊತೆಗೆ ಹೋದವರು ಯಾರು ಎಂದು ಕೇಳಿ ಬರೆದುಕೊಳ್ಳುವುದು. ಇದಕ್ಕೆ ಕಾನೂನಿನ ತಿದ್ದುಪಡಿ ಬೇಕಿಲ್ಲ. ಆ ತಾತಂದಿರ ಬಾಯಿಂದ ಕೇಳಿದ ಮೊಮ್ಮಕ್ಕಳು ಇರುವಾಗಲೇ ಮುಗಿಸಬೇಕು.